ಗಂಟೆಗೆ ಮೊದಲೋ, ಆಮೇಲೋ

ನಾನು ಕಪ್ಪು ರಬ್ಬರಿನ ಒಂದು ಬಿಲ್ಲೆ. ಐಸ್ ಹಾಕಿ ಎಂಬ ಆಟ ಆಡುವವರು ನನ್ನನ್ನು ಪಕ್ ಎನ್ನುತ್ತಾರೆ. ಅವರ ಆಟಕ್ಕೆ ನಾನೇ ಚೆಂಡು. ಹುಟ್ಟಿದ್ದು ಕಾರ್ಖಾನೆಯೊಂದರ ಕಾದ ಅಚ್ಚಿನಲ್ಲಿ. ಕಣ್ಣು ಬಿಟ್ಟದ್ದು ಮಾತ್ರ ಲೇಹ್‌ನ ಹೆಪ್ಪುಗಟ್ಟಿದ ಕೆರೆಯ ಮೇಲೆ. ಅಲ್ಲಿನ ರೆಫರಿ ಫುಂಟ್ಸೋಗ್ ನನ್ನ ಮೊದಲ ಒಡೆಯರು. ಪ್ರತಿ ಪಂದ್ಯಕ್ಕೂ ಮುಂಚೆ ನನ್ನನ್ನು ಹಿಮದಲ್ಲಿ ಹೂತಿಡುತ್ತಿದ್ದರು. ಮೈ ತಣ್ಣಗಿದ್ದರೆ ನಾನು ಪುಟಿಯುವುದಿಲ್ಲ, ನೆಟ್ಟಗೆ ಜಾರುತ್ತೇನೆ.

ಒಂದು ಜನವರಿಯಲ್ಲಿ ಬೆಳಗಾವಿಯಿಂದ ಹುಡುಗಿಯರ ತಂಡವೊಂದು ಬಂತು. ಊರಲ್ಲಿ ಗಾಲಿ ಸ್ಕೇಟು ಕಟ್ಟಿಕೊಂಡು ಸಿಮೆಂಟಿನ ಮೇಲೆ ಆಡಿ ಕಲಿತವರು. ಮೊದಲ ದಿನ ಆಡಿದ್ದಕ್ಕಿಂತ ಬಿದ್ದದ್ದೇ ಹೆಚ್ಚು. ಎರಡು ಪಂದ್ಯ ಸೋತರು. ಮೂರನೆಯದು, ಕೊನೆಯದು, ಅಲ್ಲಿನ ಹಳ್ಳಿಯೊಂದರ ತಂಡದ ಮೇಲೆ. ಅದರಲ್ಲಿ ಬೆಳಗಾವಿಯವರು ಎರಡು–ಒಂದರಿಂದ ಮುಂದಿದ್ದರು. ಮುಗಿಯಲು ಅರ್ಧ ನಿಮಿಷವೂ ಉಳಿದಿರಲಿಲ್ಲ.

ಆದರೆ ಅವರಲ್ಲೊಬ್ಬಳು ಎದುರಾಳಿಯ ಕಾಲಿಗೆ ಕೋಲು ಸಿಕ್ಕಿಸಿ ಬೀಳಿಸಿದ್ದಕ್ಕೆ ಎರಡು ನಿಮಿಷದ ಶಿಕ್ಷೆಯ ಮೇಲೆ ಹೊರಗೆ ಕುಳಿತಿದ್ದಳು. ಉಳಿದವರು ದಣಿದು ಏದುಸಿರು ಬಿಡುತ್ತಿದ್ದರು. ತಮ್ಮ ಗೋಲಿನ ಮುಂದಿದ್ದ ಗಂಗೋತ್ರಿ ಹುಕ್ಕೇರಿ ನನ್ನನ್ನು ಬಲವಾಗಿ ಹೊಡೆದಳು. ಶಿಕ್ಷೆ ಮುಗಿದ ಗಂಟೆಯೂ ಅದೇ ಹೊತ್ತಿಗೆ ಮೊಳಗಿತು. ನಾನು ಕೆರೆಯುದ್ದಕ್ಕೂ ಜಾರಿ, ಯಾರ ಕೋಲಿಗೂ ಸಿಗದೆ, ಆಚೆಯ ಗೋಲಿನ ಪಕ್ಕದಿಂದ ತುದಿಯ ಗೆರೆ ದಾಟಿದೆ.

ಹೀಗೆ ತಮ್ಮ ಅರ್ಧದಿಂದ ನನ್ನನ್ನು ಆ ತುದಿಗೆ ಅಟ್ಟುವುದು ಐಸಿಂಗ್ ಎಂಬ ತಪ್ಪು. ಆಟ ಮತ್ತೆ ಹೊಡೆದವರ ಗೋಲಿನ ಬಳಿಯೇ ಶುರುವಾಗುತ್ತದೆ, ದಣಿದವರನ್ನು ಬದಲಿಸುವಂತಿಲ್ಲ. ಶಿಕ್ಷೆಯಿಂದ ಒಬ್ಬರು ಕಡಿಮೆ ಇರುವ ತಂಡಕ್ಕೆ ಮಾತ್ರ ವಿನಾಯಿತಿ. ಶಿಕ್ಷೆ ಮುಗಿದೊಡನೆ ವಿನಾಯಿತಿಯೂ ಮುಗಿಯುತ್ತದೆ, ಹೊರಗಿದ್ದವಳು ಇನ್ನೂ ಒಳಗೆ ಕಾಲಿಡದಿದ್ದರೂ. ನಾನು ಕೋಲು ಬಿಟ್ಟದ್ದು ಗಂಟೆಗೆ ಮೊದಲಾದರೆ ತಪ್ಪಿಲ್ಲ, ಆಮೇಲಾದರೆ ತಪ್ಪು.

ಫುಂಟ್ಸೋಗ್ ಆಗ ಬೇಲಿಯ ಬಳಿ ತಳ್ಳಾಡುತ್ತಿದ್ದ ಇಬ್ಬರನ್ನು ನೋಡುತ್ತಿದ್ದರು. ಗಂಟೆ ಬಾರಿಸಿದವರ ಕಣ್ಣು ಗಡಿಯಾರದ ಮೇಲಿತ್ತು. ಎರಡನ್ನೂ ಒಟ್ಟಿಗೆ ಕಂಡವರು ಯಾರೂ ಇರಲಿಲ್ಲ. ಗೊತ್ತಿದ್ದದ್ದು ನನಗೆ; ನನಗೆ ಬಾಯಿಲ್ಲ. ಫುಂಟ್ಸೋಗ್ ತಪ್ಪಿಲ್ಲವೆಂದು ಕೈ ಬೀಸಲು ಹೊರಟಿದ್ದರು. ಅಷ್ಟರಲ್ಲಿ ಗಂಗೋತ್ರಿ ಅವರ ಹತ್ತಿರ ಹೋಗಿ ತನ್ನ ಹರಕು ಹಿಂದಿಯಲ್ಲಿ ಏನೋ ಹೇಳಿದಳು. ಆಮೇಲೆ ತನ್ನವರ ಕಡೆ ತಿರುಗಿ, "ಗಂಟಿ ಕೇಳಿದ ಮ್ಯಾಲೇನ ನಾ ಹೊಡದೇನಿ," ಎಂದಳು.

ಫುಂಟ್ಸೋಗ್ ಐಸಿಂಗ್ ಎಂದು ಸೀಟಿ ಊದಿದರು. ಆಟ ಬೆಳಗಾವಿಯವರ ಗೋಲಿನ ಬಳಿ ಮತ್ತೆ ಶುರುವಾಯಿತು. ಹಳ್ಳಿಯ ಹುಡುಗಿಯೊಬ್ಬಳು ನನ್ನನ್ನು ತಿರುಗಿಸಿ ಹೊಡೆದಳು. ಗೋಲು ಕಾಯುತ್ತಿದ್ದ ಶಾಹೀನ್ ಮುಲ್ಲಾ ಅಡ್ಡ ಬಿದ್ದಳು. ಅವಳ ಮೊಣಕಾಲಿನ ಪಕ್ಕದಿಂದ ನಾನು ಒಳಗೆ ನುಗ್ಗಿದೆ. ಎರಡು–ಎರಡು. ಬೆಳಗಾವಿಯ ಹುಡುಗಿಯರು ಒಂದೂ ಪಂದ್ಯ ಗೆಲ್ಲದೆಯೇ ಊರಿಗೆ ಹೊರಟರು.

ಫುಂಟ್ಸೋಗ್ ನನ್ನನ್ನು ಗಂಗೋತ್ರಿಯ ಕೈಗಿಟ್ಟು ತಲೆಬಾಗಿದರು. ಬಯಲಿಗಿಳಿದು ಹತ್ತಿದ ರೈಲಿನಲ್ಲಿ ಅವಳೊಂದಿಗೆ ಶಾಹೀನ್ ಒಂದು ಮಾತೂ ಆಡಲಿಲ್ಲ. ತರಬೇತಿ ಕೊಡುವ ಮೇಡಂ ಯಾರನ್ನೂ ಬೈಯಲಿಲ್ಲ, ಎಲ್ಲರಿಗೂ ಚಹಾ ತರಿಸಿದರು.

ವರ್ಷಗಳು ಕಳೆದವು. ನನ್ನ ಅಂಚು ಸವೆಯಿತು. ಶಾಹೀನಳ ತಾಯಿಯ ಹೊಲಿಗೆ ಯಂತ್ರದ ಒಂದು ಕಾಲು ಗಿಡ್ಡವಿತ್ತು. ಗಂಗೋತ್ರಿಯೇ ಒಂದು ದಿನ ನನ್ನನ್ನು ತಂದು ಅದರಡಿ ಇಟ್ಟಳು. ಈಗ ಅಲ್ಲೇ ಇದ್ದೇನೆ. ಬೆಚ್ಚಗಿದೆ. ಹೊಡೆತ ತಿಂದದ್ದಕ್ಕೆ ಬೇಸರವಿಲ್ಲ. ನನ್ನನ್ನು ಹೊಡೆದವರೆಲ್ಲರೂ ನನ್ನನ್ನು ಎಲ್ಲಿಗೋ ಮುಟ್ಟಿಸಿದರು. ನಾನು ಹೇಳಲಾಗದ್ದನ್ನು ಅವಳೊಬ್ಬಳು ಹೇಳಿದಳು. ಆ ಋಣ ದೊಡ್ಡದು.

ಮೊನ್ನೆ ಗೆಳತಿಯರಿಬ್ಬರೂ ಯಂತ್ರದ ಪಕ್ಕ ಕುಳಿತು ಅವಲಕ್ಕಿ ತಿನ್ನುತ್ತಿದ್ದರು. ಆ ಪಂದ್ಯದ ಮಾತು ಬಂತು. ಗಂಗೋತ್ರಿ ತಲೆ ತಗ್ಗಿಸಿ, ತನ್ನಿಂದಲೇ ಗೆಲುವು ಹೋಯಿತೆಂದಳು.

ಶಾಹೀನ್ ಅವಲಕ್ಕಿಯ ತಟ್ಟೆಯನ್ನು ಅವಳ ಕಡೆ ಸರಿಸಿ, "ನಿಂದೇನ ಐತಿ ಅದರಾಗ?" ಎಂದಳು. "ನಾ ಒಂದು ಗೇಣು ಎಡಕ್ಕ ಬಿದ್ದಿದ್ರ ತಡೀತಿದ್ದೆ."