ಹಾಸಿಗೆ ಹಿಡಿದವರ ಮನೆಗೆ ಹೋಗುವ ಪೆಟ್ಟಿಗೆ

ನಾನು ಒಂದು ಪುಟ್ಟ ಸಾಗುವಾನಿ ಪೆಟ್ಟಿಗೆ. ಬೆಟಗೇರಿಯ ಸಣ್ಣದೊಂದು ಕ್ರೈಸ್ತ ಸಭೆಯಲ್ಲಿ ಪ್ರಸಂಗಪೀಠ ಮಾಡಿ ಉಳಿದ ತುಂಡಿನಿಂದ ಬಡಿಗ ನನ್ನನ್ನು ಹೊಂದಿಸಿದ. ಪ್ರತಿ ಭಾನುವಾರ ಪ್ರಸಂಗದ ಗುದ್ದು ತಿನ್ನುವ ಪಾಲು ನನ್ನ ಅಣ್ಣನಾದ ಆ ಪೀಠಕ್ಕೆ ಹೋಯಿತು. ನನ್ನೊಳಗೆ ಒಂದು ಬಟ್ಟಲು, ಒಂದು ತಟ್ಟೆ, ದ್ರಾಕ್ಷಾರಸದ ಸೀಸೆ. ಕಾಯಿಲೆಯವರಿಗೆ ಮನೆಯಲ್ಲೇ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡಲು ಪಾದ್ರಿ ಅಯ್ಯನವರು ಹೊರಟರೆ, ನನ್ನನ್ನು ಹಿಡಿದು ಹಿಂದೆ ನಡೆಯುವುದು ಸಭಾಹಿರಿಯರ ಕೆಲಸ.

ಮೊದಲ ಹಿರಿಯರು ದಾನಿಯೇಲಪ್ಪ ನನ್ನನ್ನು ಸೈಕಲ್ಲಿಗೆ ಕಟ್ಟುತ್ತಿದ್ದರು; ಮನೆ ಮುಟ್ಟುವಷ್ಟರಲ್ಲಿ ಸೀಸೆಯ ತುಂಬ ನೊರೆ. ಅವರ ನಂತರ ಬಂದವರು ನಿವೃತ್ತ ಗಣಿತ ಶಿಕ್ಷಕ ಸತ್ಯಮಿತ್ರ ಮಾಸ್ತರರು. ನನ್ನನ್ನು ತೆರೆಯುವ ಮೊದಲು ಗಂಟಲು ಸರಿಮಾಡಿಕೊಂಡು, ಮೂಗಿನಲ್ಲಿ ಕೇಳುತ್ತಿದ್ದರು: "ಯಾರ ಮೇಲಾದರೂ ಮುನಿಸು ಉಂಟೋ?" ಉಂಟು ಎಂದರೆ ಮುಗಿಯಿತು, ಮುನಿಸಿಟ್ಟುಕೊಂಡು ಪ್ರಭುಭೋಜನ ತೆಗೆದುಕೊಳ್ಳಬಾರದೆಂದು ರಾಜಿಯಾಗುವ ತನಕ ಬೀಗ ತೆಗೆಯುತ್ತಿರಲಿಲ್ಲ. ಹೀಗೆ ನಾಲ್ಕು ಮನೆಯಿಂದ ನಾನು ಮುಚ್ಚಿದ ಬಾಯಿ ಮುಚ್ಚಿದಂತೆಯೇ ಮರಳಿದ್ದೇನೆ.

ಒಂದು ಶನಿವಾರ ಮಾಸ್ತರರದೇ ಓಣಿಯ ಲೋಯಿಸಮ್ಮನ ಮನೆಗೆ ಹೋದೆವು. ಸೋಮವಾರ ಆಕೆಗೆ ಹುಬ್ಬಳ್ಳಿಯಲ್ಲಿ ಹೃದಯದ ಆಪರೇಷನ್. ಬದುಕಿ ಬರುವ ಖಾತ್ರಿ ಡಾಕ್ಟರೂ ಕೊಟ್ಟಿರಲಿಲ್ಲ. ಹೋಗುವ ಮುಂಚೆ ಪ್ರಭುಭೋಜನ ಬೇಕೆಂದು ಹೇಳಿಕಳಿಸಿದ್ದಳು.

ಮಾಸ್ತರರು ಗಂಟಲು ಸರಿಮಾಡಿಕೊಂಡು ಕೇಳಿದರು.

"ಐತ್ರಿ," ಅಂದಳು ಲೋಯಿಸಮ್ಮ. "ನಿಮ್ಮ ಮ್ಯಾಲನ ಐತಿ."

ಅಯ್ಯನವರು ಫ್ಯಾನ್ ನೋಡತೊಡಗಿದರು. ಫ್ಯಾನ್ ತಿರುಗುತ್ತಿರಲಿಲ್ಲ.

ಒಂಬತ್ತು ವರ್ಷದ ಹಿಂದೆ ಆಕೆಯ ಮಗಳು ಸಭೆಯ ಹೊರಗೆ ಮದುವೆಯಾದಾಗ, ಹಿರಿಯರು ಮೊದಲು ಮನೆಗೆ ಹೋಗಿ ಮಾತಾಡಿಸಬೇಕಿತ್ತು. ಅದು ಪದ್ಧತಿ. ಮಾಸ್ತರರು ಹೋಗಲಿಲ್ಲ, ಸಭೆಯ ಪಟ್ಟಿಯಿಂದ ಮಗಳ ಹೆಸರು ತೆಗೆದದ್ದನ್ನು ನೇರವಾಗಿ ಆರಾಧನೆಯಲ್ಲಿ ಓದಿಬಿಟ್ಟರು.

"ಹನ್ನೆರಡ ಬಾಗಲಾ ದಾಟಿ ಒಂದ್ಸಲ ಬರಾಕ ಆಗಲಿಲ್ಲೇನ್ರಿ ಹಿರಿಯರ?"

ಮಾಸ್ತರರು ಬೀಗದ ಕೈಯನ್ನೇ ನೋಡುತ್ತ ಕೂತರು. ಅವರದೇ ನಿಯಮದ ಪ್ರಕಾರ ನನ್ನನ್ನು ತೆರೆಯುವಂತಿಲ್ಲ. ತೆರೆಯದಿದ್ದರೆ ಸೋಮವಾರ ಕಾಯುವುದಿಲ್ಲ.

"ಬರಬೇಕಿತ್ತಬೇ ಅಕ್ಕಾ. ಅಂಜಿದ್ನಿ," ಅಂದರು. ಮೂಗಿನ ದನಿ ಎಲ್ಲೋ ಹೋಗಿತ್ತು. ಬೀಗದ ಕೈಯನ್ನು ಅಯ್ಯನವರಿಗೆ ಕೊಟ್ಟರು. ಆಕೆಗೆ ಕೊಡಿರಿ, ತಡೆಯಬೇಕಾದದ್ದು ನನ್ನನ್ನು ಎಂದು ಹೇಳಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು.

ಅಯ್ಯನವರು ನನ್ನನ್ನು ತೆರೆದರು, ರೊಟ್ಟಿ ಮುರಿದರು. ಲೋಯಿಸಮ್ಮ ಕೈ ಚಾಚಲಿಲ್ಲ.

"ಮಾಸ್ತರ, ಒಳಗ ಬರ್ರಿ. ಒಬ್ಬಾಕಿನ ಹ್ಯಾಂಗ ತೊಗೊಳ್ಳಲಿ?"

ಮಾಸ್ತರರು ಒಳಗೆ ಬಂದು ಆಕೆಯ ಪಕ್ಕ ಕೂತರು. ಆಕೆ ಸೋಮವಾರ ಹೋದಳು, ತಿಂಗಳ ಮೇಲೆ ಗುಣವಾಗಿ ಬಂದಳು. ಈಗ ಆಕೆಯ ಕಾಲವೂ ಮುಗಿದಿದೆ. ನನ್ನ ಕೀಲು ಸಡಿಲಾಗಿದೆ. ದೇವಾಲಯದ ಒಳಕೋಣೆಯ ಕಪಾಟೇ ನನ್ನ ಮನೆ. ಹೊಸ ಹಿರಿಯರಿಗೆ ಹೊಸ ಪೆಟ್ಟಿಗೆ ಬಂದಿದೆ. ಆದರೆ ನಾನು ಹಿಂದೆ ಉಳಿಯತೊಡಗಿದ್ದು ಅದಕ್ಕೂ ಮೊದಲೇ. ಆ ಶನಿವಾರದ ನಂತರ ಮಾಸ್ತರರು ಬಹಳ ಮನೆಗಳಿಗೆ ನನ್ನನ್ನು ಬಿಟ್ಟು ಬರಿಗೈಯಲ್ಲೇ ಮಾತಾಡಿಸಲು ಹೋಗತೊಡಗಿದರು, ಯಾರೂ ಹಾಸಿಗೆ ಹಿಡಿಯುವ ಮೊದಲು.