ಸದ್ದಿಗೆ ಎಷ್ಟು ಅಂಕ

ಲ್ಯಾಪ್‌ಟಾಪಿನ ವೇಗ ಅಳೆಯೋದಕ್ಕೆ ಯಂತ್ರ ಇದೆ, ಬಿಸಿ ಅಳೆಯೋದಕ್ಕೆ ಯಂತ್ರ ಇದೆ, ಪರದೆಯ ಬಣ್ಣ ಅಳೆಯೋದಕ್ಕೂ ಒಂದಿದೆ. ಸದ್ದಿಗೆ ಮಾತ್ರ ನಾನಿದ್ದೇನೆ. ಮೀಟರು ಒಂದು ಸಂಖ್ಯೆ ತೋರಿಸಿ ಸುಮ್ಮನಾಗುತ್ತೆ. ಆ ಸದ್ದು ಮನುಷ್ಯ ತಡೆದುಕೊಳ್ಳುವಂಥದ್ದೋ ತಲೆ ಕೆಡಿಸುವಂಥದ್ದೋ ಅಂತ ಹೇಳೋದಕ್ಕೆ ಕಿವಿ ಬೇಕು. ತೈಪೆಯ ಕ್ವಾಂಗ್‌ಹ್ವಾ ಕಂಪ್ಯೂಟರ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿರುವ ನಮ್ಮ ಪತ್ರಿಕೆಯಲ್ಲಿ ಹತ್ತೊಂಬತ್ತು ವರ್ಷದಿಂದ ಆ ಕಿವಿ ನನ್ನದು. ಪ್ರತಿ ವಿಮರ್ಶೆಯ ಕೊನೆಗೆ ‘ಹುಂಗ್‌ನ ಕಿವಿ: ಹತ್ತಕ್ಕೆ ಇಷ್ಟು’ ಅಂತ ಅಚ್ಚಾಗುತ್ತೆ. ಜನ ಅದನ್ನೇ ಮೊದಲು ಓದಿ ಆಮೇಲೆ ಉಳಿದದ್ದು ಓದುತ್ತಾರೆ. ಜಂಬ ಅಂತೀರಾ? ಅನ್ನಿ. ಈ ಊರಲ್ಲಿ ನನಗಿರೋ ಹೆಸರೆಲ್ಲ ಅದೊಂದರಿಂದಲೇ ಬಂದದ್ದು.

ಆ ಮಂಗಳವಾರ ಬಂದದ್ದು ಈ ವರ್ಷದ ಭಾರೀ ಬಲದ ಗೇಮಿಂಗ್ ಲ್ಯಾಪ್‌ಟಾಪ್. ತೂಕವೇ ಮೂರು ಕಿಲೋ, ಚಾರ್ಜರಂತೂ ಇಟ್ಟಿಗೆಯಷ್ಟು ದಪ್ಪ. ಬೆಳಗ್ಗೆಯಿಂದ ಅದನ್ನು ಚೆನ್ನಾಗಿ ದುಡಿಸಿದೆವು. ಎಂಥ ಆಟ ಹಾಕಿದರೂ ಚಿತ್ರ ಎಲ್ಲೂ ತಡವರಿಸಲಿಲ್ಲ, ಕೀಲಿಮಣೆ ಬೆಚ್ಚಗಾಯಿತೇ ಹೊರತು ಸುಡಲಿಲ್ಲ. ಆಮೇಲೆ ಸದ್ದಿನ ಕೋಣೆಗೆ ಹೊತ್ತುಕೊಂಡು ಹೋದೆ. ಕೋಣೆ ಅಂದರೆ ಹಳೇ ಉಗ್ರಾಣ, ಗೋಡೆ ತುಂಬ ನನ್ನ ಹೆಂಡತಿ ಲೀ-ಚೂ ಬೇಡ ಅಂತ ಎಸೆದ ಹತ್ತಿ ಹೊದಿಕೆಗಳು. ಆಟ ಓಡಲು ಬಿಟ್ಟು, ಕಣ್ಣು ಮುಚ್ಚಿ ಕಾಲು ಗಂಟೆ ಕೂತೆ. ಫ್ಯಾನು ಮೆಲ್ಲಗೆ ಏರಿತು, ಒಂದೇ ಹದದಲ್ಲಿ ನಿಂತಿತು. ಅದು ಬಿಟ್ಟರೆ ಒಂದು ಪಿಸುಮಾತೂ ಇಲ್ಲ. ಆಹಾ! ಒಂಬತ್ತೂವರೆ ಅಂತ ಬರೆದೆ. ನಾನು ಒಂಬತ್ತು ದಾಟೋದು ಬಹಳ ಅಪರೂಪ.

ಅಷ್ಟರಲ್ಲಿ ಖೈ-ನಿಂಗ್ ನನ್ನ ಊಟದ ಡಬ್ಬಿ ಹಿಡಿದು ಒಳಗೆ ಬಂದಳು. ಮೂರು ತಿಂಗಳ ಹಿಂದೆ ಸೇರಿದ ಹುಡುಗಿ, ಇಪ್ಪತ್ನಾಲ್ಕು ವರ್ಷ, ಪರದೆಯ ಪರೀಕ್ಷೆ ಅವಳದು. ಬಂದವಳೇ ಮುಖ ಕಿವುಚಿದಳು.

“ಅಯ್ಯೋ ಹುಂಗ್ ಅಣ್ಣ, ಏನಿದು ಕೀಂ ಅಂತಿರೋದು? ಇದನ್ನ ಹೇಗೆ ಸಹಿಸ್ಕೊಂಡು ಕೂತಿದೀರಾ?”

“ಕೀಂ ಅಂತಿರೋದು ಏನಮ್ಮಾ, ನಿನ್ನ ಹೊಟ್ಟೇನಾ? ಹೋಗು, ಮೊದಲು ಊಟ ಮಾಡು.”

“ತಮಾಷೆ ಅಲ್ಲಣ್ಣ. ಆಟ ಓಡೋವಾಗ ಒಳಗಿಂದ ಸಣ್ಣಗೆ ಸೀಟಿ ಬರ್ತಿದೆ. ಬೇಕಾದ್ರೆ ನಿಲ್ಸಿ ನೋಡಿ, ಅದೂ ನಿಲ್ಲುತ್ತೆ.”

ನನಗೆ ಸಿಟ್ಟು ನೆತ್ತಿಗೇರಿತು. ನಿನ್ನೆ ಮೊನ್ನೆ ಬಂದವಳು ನನಗೆ ಸದ್ದಿನ ಪಾಠ ಹೇಳೋದೇ! ಆ ಸೀಟಿ ನನಗೆ ಗೊತ್ತಿಲ್ಲದ್ದಲ್ಲ. ಕರೆಂಟು ಜೋರಾಗಿ ಹರಿದಾಗ ಒಳಗಿನ ತಂತಿಯ ಸುರುಳಿಗಳು ನಡುಗಿ ಕೂಗುತ್ತವೆ. ಅದಕ್ಕಾಗಿ ಎಷ್ಟೋ ಲ್ಯಾಪ್‌ಟಾಪುಗಳ ಅಂಕ ಕಡಿದವನು ನಾನು. ಈಚೆಗೆ ಒಂದೆರಡು ವರ್ಷದಿಂದ ಆ ಕಾಟ ಇರಲಿಲ್ಲ. ಕಂಪನಿಗಳು ಸುಧಾರಿಸಿವೆ ಅಂದುಕೊಂಡಿದ್ದೆ.

“ಸರಿ, ನೋಡೇ ಬಿಡೋಣ,” ಅಂದೆ. “ಗೋಡೆ ಕಡೆ ತಿರುಗು. ನಾನು ಆಟ ಓಡಿಸ್ತೀನಿ, ನಿಲ್ಲಿಸ್ತೀನಿ. ಸೀಟಿ ಬಂದಾಗ ಕೈ ಎತ್ತು. ಹತ್ತರಲ್ಲಿ ಒಂದು ತಪ್ಪಿದ್ರೂ ತಿಂಗಳಿಡೀ ನನಗೆ ಬೆಳಗಿನ ಸೋಯಾ ಹಾಲು ನೀನೇ ತರಬೇಕು.”

“ತಪ್ಪದಿದ್ರೆ?”

“ಮೊದಲು ತಿರುಗು ನೀನು.”

ಫ್ಯಾನು ಏರಿಳಿದು ಸುಳಿವು ಕೊಡಬಾರದು ಅಂತ ಅದನ್ನು ಒಂದೇ ವೇಗಕ್ಕೆ ಕಟ್ಟಿಹಾಕಿದೆ. ಹತ್ತು ಸಲ ಓಡಿಸಿದೆ. ನಡುನಡುವೆ ಮೋಸ ಮಾಡೋಣ ಅಂತ ಸುಮ್ಮನೆ ಕೀಲಿ ಕುಟ್ಟಿದೆ, ಆಗ ಅವಳ ಕೈ ಏಳಲಿಲ್ಲ. ಓಡಿಸಿದಾಗಲೆಲ್ಲ ಎದ್ದಿತು, ನಿಲ್ಲಿಸಿದ ಕೂಡಲೇ ಇಳಿಯಿತು. ಹತ್ತಕ್ಕೆ ಹತ್ತು.

“ಈಗ ನೀವು ತಿರುಗಿ ಅಣ್ಣ,” ಅಂದಳು. ಗೆದ್ದವರ ದನಿಯಲ್ಲಿ ಅನ್ನಲಿಲ್ಲ, ಮೆಲ್ಲಗೆ ಅಂದಳು. ನನಗೆ ಹೆದರಿಕೆ ಹುಟ್ಟಿದ್ದೇ ಆಗ.

ಗೋಡೆಗೆ ಮುಖ ಮಾಡಿ ಉಸಿರು ಬಿಗಿ ಹಿಡಿದೆ. ಫ್ಯಾನಿನ ಸದ್ದು ಕೇಳಿತು. ಹೊರಗೆ ಎಲ್ಲೋ ಒಂದು ಸ್ಕೂಟರು ಹೋಯಿತು. ಅಂದಾಜಿನ ಮೇಲೆ ಎರಡು ಸಲ ಕೈ ಎತ್ತಿದೆ. ಎಷ್ಟು ಹೊತ್ತಾದರೂ ಅವಳು ಮಾತಾಡಲಿಲ್ಲ.

“ಯಾಕೆ, ಮುಂದಿನದು ಓಡಿಸಲ್ವಾ?” ಅಂದೆ.

“ಹತ್ತೂ ಮುಗೀತಣ್ಣ. ನೀವು ಕೈ ಎತ್ತಿದಾಗ ಎರಡು ಸಲಾನೂ ಆಟ ನಿಂತಿತ್ತು.”

ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋ ಜಾತಿಯವನು ನಾನು. ನೆಗಡಿ ಆಗಿದೆ ಅನ್ನೋದಕ್ಕೆ ಬಾಯಿ ತೆರೆದೆ. ಆ ಹುಡುಗಿ ನನ್ನ ಮುಖ ನೋಡಲಾರದೆ ನೆಲ ನೋಡುತ್ತಿದ್ದಳು. ಬಾಯಿ ಮುಚ್ಚಿಕೊಂಡು ಸ್ಟೂಲಿನ ಮೇಲೆ ಕುಕ್ಕರಿಸಿದೆ. ಐವತ್ತಾರು ವರ್ಷ ನನಗೆ. ವಯಸ್ಸಾದ ಹಾಗೆ ಕಿವಿಗೆ ಮೊದಲು ತಪ್ಪೋದು ಇಂಥ ಕೀಚು ದನಿಗಳೇ.

ಆಗ ನೆನಪಾದವು ನೋಡಿ, ಓದುಗರ ಪತ್ರಗಳು. ಎರಡು ವರ್ಷದಲ್ಲಿ ಹನ್ನೊಂದು ಜನ ಬರೆದಿದ್ದರು, ನೀವು ಒಂಬತ್ತು ಕೊಟ್ಟ ಲ್ಯಾಪ್‌ಟಾಪ್ ಸೀಟಿ ಹಾಕುತ್ತೆ ಅಂತ. ಹನ್ನೊಂದು ಜನಕ್ಕೂ ಪತ್ರಿಕೆಯಲ್ಲೇ ಉತ್ತರ ಕೊಟ್ಟಿದ್ದೆ, ಓದಿದವರೆಲ್ಲ ನಗೋ ಹಾಗೆ. ತೈನಾನಿನ ಒಬ್ಬ ವಿದ್ಯಾರ್ಥಿನಿಗೆ, ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಲ್ಯಾಪ್‌ಟಾಪ್ ಚೆನ್ನಾಗಿದೆ, ನಿಮ್ಮ ಕಿವಿ ಡಾಕ್ಟರಿಗೆ ತೋರಿಸಿ’ ಅಂತ ಬರೆದಿದ್ದೆ. ಅವತ್ತು ಆಫೀಸಿನವರೆಲ್ಲ ಮೇಜು ಕುಟ್ಟಿ ನಕ್ಕಿದ್ದರು. ನೆನೆಸಿಕೊಂಡು ನಾಚಿಕೆಯಿಂದ ಮೈ ಹಿಡಿಯಾಯಿತು.

ಒಂಬತ್ತೂವರೆಯನ್ನು ಹೊಡೆದು ಹಾಕಿದೆ.

“ಖೈ-ನಿಂಗ್, ಆ ಸೀಟಿ ಹೇಗಿದೆ ಹೇಳು, ಬರ್ಕೋತೀನಿ.”

ಅವಳು ಆಟ ಮತ್ತೆ ಓಡಲು ಬಿಟ್ಟು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದಳು. “ಸೊಳ್ಳೆ ಥರ ಅಣ್ಣ. ಆದ್ರೆ ಸೊಳ್ಳೆ ಆದ್ರೆ ಹಾರಿ ಹೋಗುತ್ತೆ, ಇದು ಹೋಗಲ್ಲ.”

“ಎಷ್ಟು ಕೊಡ್ತೀಯಾ?”

“ನಾನಾ?”

“ಇಲ್ಲಿ ಇನ್ಯಾರಿಗೆ ಕೇಳಿಸ್ತಿದೆ?”

“ಐದು. ಇಲ್ಲ, ಐದೂವರೆ. ಪಾಪ, ಫ್ಯಾನು ಚೆನ್ನಾಗಿದೆ.”

ಐದೂವರೆ ಅಂತ ಬರೆದು ಪಕ್ಕದಲ್ಲಿ ಅವಳ ಹೆಸರು ಹಾಕಿದೆ. ಕೆಳಗೆ ಇಷ್ಟು ಸೇರಿಸಿದೆ: ‘ಈ ಸೀಟಿ ಹುಂಗ್‌ಗೆ ಕೇಳಿಸಲಿಲ್ಲ. ಎಷ್ಟು ದಿನದಿಂದ ಕೇಳಿಸುತ್ತಿಲ್ಲವೋ ಅವನಿಗೂ ಗೊತ್ತಿಲ್ಲ.’ ಸಂಪಾದಕರು ಓದಿ, “ಇದು ಅಚ್ಚಾಗಲೇಬೇಕೇನಯ್ಯಾ?” ಅಂದರು. ಆಗಲೇಬೇಕು ಅಂದೆ.

ಆ ಹನ್ನೊಂದು ಜನಕ್ಕೂ ಒಬ್ಬೊಬ್ಬರಿಗೇ ಬೇರೆಬೇರೆಯಾಗಿ ಬರೆದೆ: ನಿಮಗೆ ಕೇಳಿಸಿದ್ದು ನಿಜ, ಕೆಟ್ಟಿದ್ದು ನನ್ನ ಕಿವಿ, ಕ್ಷಮಿಸಿ. ಬರೆದು ಕಳಿಸಿದ ಮೇಲೆ ಮನಸ್ಸು ಸ್ವಲ್ಪ ಹಗುರಾಯಿತು, ಸುಳ್ಳು ಯಾಕೆ ಹೇಳಲಿ. ಶುಕ್ರವಾರ ಒಂದೇ ಒಂದು ಉತ್ತರ ಬಂತು, ತೈನಾನಿನ ಹುಡುಗಿಯದು.

‘ಹುಂಗ್ ಸರ್, ನೀವು ಬರೆದಿದ್ದನ್ನು ಓದಿ ನಾನು ಆಗ ನಿಜವಾಗಿಯೂ ಕಿವಿ ಡಾಕ್ಟರ ಹತ್ತಿರ ಹೋಗಿದ್ದೆ. ಮೂರು ಸಲ ಹೋದೆ. ಕಿವಿಗೆ ಏನೂ ಆಗಿಲ್ಲ ಅಂತ ಮೂರು ಸಲವೂ ಹೇಳಿದರು. ನಾನು ಅವರನ್ನು ನಂಬಲಿಲ್ಲ. ನಿಮ್ಮನ್ನು ನಂಬಿದ್ದೆ.’

ಅಷ್ಟೇ ಬರೆದಿದ್ದಳು. ಒಂದು ಮಾತೂ ಬೈದಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.