ಮಹಜರಿನಲ್ಲಿದ್ದ ಕರಡಿಗೆ

ಶಿಕಾರಿಪುರಕ್ಕೂ ರೈಲಿಲ್ಲ, ಸೊರಬಕ್ಕೂ ರೈಲಿಲ್ಲ. ಎರಡೂ ಸೀಮೆಯ ಜನ ಬಸ್ಸಿನಲ್ಲಿ ಮೈ ನುಗ್ಗುನುರಿಯಾಗಿಸಿಕೊಂಡು ಬಂದು ಗಾಡಿ ಹತ್ತುವ ಚಿಕ್ಕ ಸ್ಟೇಷನ್ನು ಅದು. ಬೆಳಿಗ್ಗೆ ಶಿವಮೊಗ್ಗೆಯಿಂದ ಬಂದ ಗಾಡಿಯೇ ಸಂಜೆ ವಾಪಸು ಹೋಗಬೇಕು. ಅಲ್ಲಿ ಪೊಲೀಸ್ ದಫೇದಾರನಾಗಿ ಹನ್ನೊಂದು ವರ್ಷ ಕೊಳೆತವನು ತೊಗರ್ಸಿಯ ಬೆನಕಪ್ಪ. ಬಡ್ತಿ ಅವನ ಪಾಲಿಗೆ ಮೂಗಿಗೆ ಸವರಿದ ತುಪ್ಪ, ವಾಸನೆ ಬರುತ್ತಿತ್ತೇ ಹೊರತು ನಾಲಗೆಗೆ ಎಟುಕಿರಲಿಲ್ಲ.

ಆ ದಿನ ಸಂಜೆಯ ಗಾಡಿಗೆ ಹಮಾಲಿ ರಾಮಪ್ಪನನ್ನು ಕೊಲೆಗಾರನೆಂದು ಶಿವಮೊಗ್ಗೆಗೆ ಒಯ್ಯುವುದಿತ್ತು. ಬೆನಕಪ್ಪ ಮಾತ್ರ ಅದನ್ನು ನಂಬಲಿಲ್ಲ. ಸೊರಬದ ಕಡೆಯ ಈ ರಾಮಪ್ಪ ಪ್ಲಾಟ್‌ಫಾರಮ್ಮಿನಲ್ಲಿ ಯಾರೋ ಮರೆತ ಕೊಡೆಯನ್ನು ಎಂಟು ತಿಂಗಳು ಜೋಪಾನ ಮಾಡಿ ವಾರಸುದಾರನಿಗೆ ಕೊಟ್ಟವನು. ಅವನು ಕೊಲೆ ಮಾಡಿದನೆಂದರೆ ಊರ ಬಸವ ಗುಡಿ ದೋಚಿತು ಎಂದ ಹಾಗೆ.

ಬೆಳಗಿನ ಗಾಡಿಯಲ್ಲಿದ್ದ ಶಿರಾಳಕೊಪ್ಪದ ವ್ಯಾಪಾರಿ ಶಿವಮೂರ್ತಪ್ಪ, ಸ್ಟೇಷನ್ನು ಇನ್ನೂ ಒಂದು ಫರ್ಲಾಂಗು ಇರುವಾಗಲೇ ಗಾಡಿಯಿಂದ ಬಿದ್ದು ಹಳಿಯ ಪಕ್ಕ ಸತ್ತಿದ್ದ. ಮಗಳ ಮದುವೆಗೆ ವಜ್ರದ ಓಲೆ ಮಾಡಿಸಿಕೊಂಡು ಬರುತ್ತಿದ್ದವನು. ಅವನ ಟ್ರಂಕು ಬೀಗ ಮುರಿದು ರಾಮಪ್ಪನ ತಲೆಯ ಮೇಲಿತ್ತು, ಓಲೆ ಇರಲಿಲ್ಲ. ಗಾಡಿಯ ಅದೇ ಡಬ್ಬಿಯಲ್ಲಿ ಬಂದ ಪಂಚಾಕ್ಷರಪ್ಪ ಎಂಬ ಪ್ರಯಾಣಿಕ, ಗಾಡಿ ನಿಧಾನವಾದಾಗ ಈ ಹಮಾಲಿ ಬಾಗಿಲಿಗೆ ಜಿಗಿದು ವ್ಯಾಪಾರಿಯನ್ನು ಜಗ್ಗಾಡಿ ಕೆಡವಿದ್ದನ್ನು ಕಣ್ಣಾರೆ ಕಂಡೆ ಎಂದು ಹೇಳಿಕೆ ಕೊಟ್ಟ.

ರಾಮಪ್ಪನದು ಬೆಳಗಿನಿಂದ ಒಂದೇ ಮಾತು. "ನಾ ಯಾರನ್ನೂ ಮುಟ್ಟಿಲ್ಲ ದಫೇದಾರ್ರೇ. ಟ್ರಂಕ್ ಹೊರು ಅಂತ ಕೊಟ್ಟಿದ್ದೇ ಈ ಸಾಕ್ಷಿ ಹೇಳೋ ಯಜಮಾನ್ರು."

ಯಾರು ಕೇಳಬೇಕು? ಪಂಚಾಕ್ಷರಪ್ಪನ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಎದೆಯ ಮೇಲೆ ಇಷ್ಟಲಿಂಗದ ಬೆಳ್ಳಿಯ ಕರಡಿಗೆ, ಮಾತಿಗೊಂದು ಶರಣು. ಆದರೂ ಬೆನಕಪ್ಪ ಬಿಡದೆ ಅವನ ಚೀಲ, ಜೇಬು, ಹಾಸಿಗೆಯ ಸುರುಳಿ ಎಲ್ಲ ಜಾಲಾಡಿದ. ಏನೂ ಸಿಗಲಿಲ್ಲ. ಕರಡಿಗೆಯನ್ನು ಮಾತ್ರ ಮುಟ್ಟಲಿಲ್ಲ. ಇನ್ನೊಬ್ಬನ ಇಷ್ಟಲಿಂಗಕ್ಕೆ ಯಾರು ಕೈ ಹಾಕುತ್ತಾರೆ? ಬದಲಿಗೆ ಅದಕ್ಕೆ ತಲೆಬಾಗಿದ. ಆಗ ಮುಚ್ಚಳದ ಅಂಚು ಒಂದು ಕಡೆ ನೆಗ್ಗಿರುವುದು ಕಣ್ಣಿಗೆ ಬಿತ್ತು, ಅಷ್ಟೇ.

ಬೆನಕಪ್ಪ ಹೆಣದ ವಿಷಯದಲ್ಲೂ ಒಂದು ಗುಟ್ಟು ಇಟ್ಟುಕೊಂಡಿದ್ದ. ಶಿವಮೂರ್ತಪ್ಪನ ಕೊರಳು ಬರಿದಾಗಿತ್ತು. ಬಿದ್ದ ರಭಸಕ್ಕೆ ದಾರ ಹರಿದು ಕರಡಿಗೆ ಎಲ್ಲೋ ಹಾರಿರಬೇಕೆಂದು ಎರಡು ತಾಸು ಜಲ್ಲಿಕಲ್ಲಿನ ನಡುವೆ ಬಗ್ಗಿ ಹುಡುಕಿದ. ಲಿಂಗ ಕಳೆದುಕೊಂಡವನು ಬದುಕಿದ್ದರೂ ಸತ್ತ ಹಾಗೆ ಎನ್ನುವ ಜನ ತಮ್ಮವರು. ಲಿಂಗವಿಲ್ಲದೆ ಸತ್ತ ಎಂದು ಸರ್ಕಾರದ ಕಾಗದದಲ್ಲಿ ಬಿದ್ದರೆ ಆ ಮನೆಯ ಮದುವೆ ನಡೆದಂತೆಯೇ. ಹಾಗಾಗಿ ಮಹಜರಿನಲ್ಲಿ "ಕೊರಳಲ್ಲಿ ಕರಡಿಗೆ ಇದೆ" ಎಂದು ತನ್ನ ಕೈಯಾರೆ ಬರೆದ. ಪಂಚರು ಓದಿ ನೋಡದೆ ಹೆಬ್ಬೆಟ್ಟು ಒತ್ತಿದರು. ಡಾಕ್ಟರು ನೋಡಿ ಬರೆದುಕೊಟ್ಟು ಹೋದ ಮೇಲೆ ಹೆಣವನ್ನು ಗೂಡ್ಸ್ ಶೆಡ್ಡಿನಲ್ಲಿ ಮಲಗಿಸಿ, ಕತ್ತಿನ ತನಕ ಚಾಪೆ ಹೊದಿಸಿ, ಬಾಗಿಲಿಗೆ ತಾನೇ ಕಾವಲು ಕೂತ. ದೊಡ್ಡ ಪುಣ್ಯದ ಕೆಲಸ ಮಾಡಿದೆನೆಂದು ಒಳಗೊಳಗೇ ಬೀಗಿದ್ದ ಕೂಡ.

ಮಧ್ಯಾಹ್ನ ಪಂಚಾಕ್ಷರಪ್ಪ ನೀರಿನ ಟ್ಯಾಂಕಿನ ಕೆಳಗೆ ಸ್ನಾನಕ್ಕೆ ಇಳಿದ. ಕರಡಿಗೆಯನ್ನು ಕೊರಳಿನಿಂದ ತೆಗೆದು ಅಂಗಿಯ ಜೊತೆ ಬೇಲಿಗೆ ನೇತುಹಾಕಿದ. ಪೂಜೆ ಇಲ್ಲ ಪುನಸ್ಕಾರ ಇಲ್ಲ, ತಲೆ ಒರೆಸಿಕೊಳ್ಳುತ್ತಲೇ ಅವಲಕ್ಕಿ ಮುಕ್ಕಿದ. ಬೆನಕಪ್ಪ ಶೆಡ್ಡಿನ ಬಾಗಿಲಿನಿಂದಲೇ ಇದನ್ನೆಲ್ಲ ಕಂಡ. ಪಟ್ಟಣ ಸೇರಿದವರ ಆಚಾರ ಹೀಗೇ ಹಾಳಾಗುವುದು ಎಂದು ಬೈದುಕೊಂಡು ಮುಖ ತಿರುಗಿಸಿದ. ಆ ಮುಖ ತಿರುಗಿಸಿದ್ದನ್ನು ಅವನು ಆಮೇಲೆ ಎಷ್ಟು ಶಪಿಸಿಕೊಂಡನೋ ಲೆಕ್ಕವಿಲ್ಲ.

ಬಸ್ಸಿನಲ್ಲಿ ಬಂದಿದ್ದ ಸಬ್ ಇನಸ್ಪೆಕ್ಟರಿಗೆ ಕೇಸು ಮುಗಿಸುವ ಅವಸರ. ರಾಮಪ್ಪ ಅಂಥವನಲ್ಲ ಎಂದು ಬೆನಕಪ್ಪ ಮೂರು ಸಲ ಹೇಳಿದ. ಜಾತಕ ಕೇಳಿಲ್ಲ, ಪುರಾವೆ ಇದ್ದರೆ ಕೊಡು ಎಂದು ಅವರು ಮೂರನೆಯ ಸಲ ಗದರಿದರು. ಐದೂವರೆಯ ಗಾಡಿ ಹೊರಟಿತು. ಒಂದು ಡಬ್ಬಿಯಲ್ಲಿ ಬೇಡಿ ತೊಟ್ಟ ರಾಮಪ್ಪ ಮತ್ತು ಸಬ್ ಇನಸ್ಪೆಕ್ಟರು, ಇನ್ನೊಂದರಲ್ಲಿ ಪಂಚಾಕ್ಷರಪ್ಪ. ಕಿಟಕಿಯಿಂದ ಅವನು ಕೈ ಮುಗಿದ, ಬೆನಕಪ್ಪನೂ ಮುಗಿದ.

ಹೊಗೆ ಇನ್ನೂ ಕರಗಿರಲಿಲ್ಲ. ಶಿರಾಳಕೊಪ್ಪದ ಬಸ್ಸು ಎರಡು ತಾಸು ತಡವಾಗಿ ಬಂದು ನಿಂತಿತು. ಇಳಿದವಳು ಶಿವಮೂರ್ತಪ್ಪನ ಹೆಂಡತಿ ಜಗದಾಂಬ. ಶೆಡ್ಡಿಗೆ ಹೋದಳು, ಗಂಡನ ಮುಖ ನೋಡಿದಳು, ಚಾಪೆ ಸರಿಸಿ ಎದೆಯ ಮೇಲೆ ಕೈಯಾಡಿಸಿದಳು.

"ಇವ್ರ ಕರಡಿಗಿ ಎಲ್ಲೈತ್ರೀ?"

ಬೆನಕಪ್ಪ ತಡವರಿಸಿ ಗುರುತು ಕೇಳಿದ.

"ಬೆಳ್ಳೀದು ರೀ. ಮಗಳು ಕೂಸಿದ್ದಾಗ ಒರಳಿಗೆ ಕುಟ್ಟಿದ್ಳು. ಮುಚ್ಚಳದ ಅಂಚು ನೆಗ್ಗೈತಿ."

ಬೆನಕಪ್ಪನಿಗೆ ಪಂಚಾಕ್ಷರಪ್ಪನ ಎದೆಯ ಮೇಲಿನ ಮುಚ್ಚಳ ನೆನಪಾಯಿತು. ಇಡೀ ದಿನ ತಾನು ಸತ್ತವನ ಕರಡಿಗೆಗೇ ಶರಣು ಹೇಳಿದ್ದ. ಓಲೆಯೂ ಅದರಲ್ಲೇ ಇತ್ತು, ಮತ್ತೆಲ್ಲಿ ಇರಲು ಸಾಧ್ಯ? ಓಡಿ ಸ್ಟೇಷನ್ ಮಾಸ್ತರರ ಮೇಜು ಹಿಡಿದು, ಮುಂದಿನ ದೊಡ್ಡ ಸ್ಟೇಷನ್ನಿಗೆ ತಂತಿ ಕೊಡಿ, ಆ ಸಾಕ್ಷಿಯನ್ನು ಹಿಡಿಯಲಿ ಎಂದ.

ಮಾಸ್ತರರು ಪರಸ್ಥಳದವರಾದರೂ ಕಾಗದ ಬಲ್ಲವರು. ಮಹಜರಿನ ನಕಲು ತೆಗೆದು ಓದಿದರು. "ಕರಡಿಗೆ ಹೆಣದ ಮೇಲಿದೆ ಅಂತ ನೀವೇ ಬರೆದಿದ್ದೀರಿ. ಹೆಣ ಕಾದವರೂ ನೀವೇ. ಈಗ ಇಲ್ಲ ಅಂದರೆ ಕದ್ದವರು ಯಾರಾಗ್ತಾರೆ, ಯೋಚನೆ ಮಾಡಿ."

ಬೆನಕಪ್ಪ ಯೋಚನೆ ಮಾಡಿದ. ಮನೆ, ಮಕ್ಕಳು, ಹನ್ನೊಂದು ವರ್ಷ, ಎಲ್ಲ ಒಮ್ಮೆ ಕಣ್ಣೆದುರು ಬಂತು. ರಾಮಪ್ಪನ ಬೇಡಿಯೂ ಬಂತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಬರೀರಿ," ಎಂದ. "ಮಹಜರು ಸುಳ್ಳು, ಬರೆದಾಂವ ನಾನು. ಕರಡಿಗಿ ಆ ಸಾಕ್ಷಿಯವನ ಕೊರಳಾಗೈತಿ. ಹಿಡೀರಿ."

ತಂತಿ ಹೋಯಿತು. ಮುಕ್ಕಾಲು ಗಂಟೆ ಬೆನಕಪ್ಪ ಆ ಯಂತ್ರವನ್ನೇ ದಿಟ್ಟಿಸುತ್ತ ನಿಂತ. ಕೊನೆಗೆ ಅದು ಟಕಟಕ ಅಂದಿತು, ಮಾಸ್ತರರು ಬರೆದುಕೊಂಡು ಓದಿದರು. ಸಾಕ್ಷಿ ಗಾಡಿಯಲ್ಲಿಲ್ಲ. ಶಿವಮೊಗ್ಗೆಗೆ ಟಿಕೀಟು ತೆಗೆದವನು ನಡುವಿನ ಸ್ಟೇಷನ್ನಿನಲ್ಲೇ ಇಳಿದು ಹೋಗಿದ್ದಾನೆ. ಹಮಾಲಿಯನ್ನು ಬೆಳಗಿನ ಗಾಡಿಯಲ್ಲಿ ಮರುವಿಚಾರಣೆಗೆ ಕರೆತರಲಾಗುವುದು. ದಫೇದಾರ ಬೆನಕಪ್ಪ ಟೋಪಿ, ಬೆಲ್ಟು ಸ್ಟೇಷನ್ ಮಾಸ್ತರರಿಗೆ ಒಪ್ಪಿಸಿ ಅಲ್ಲಿಯೇ ಇರತಕ್ಕದ್ದು.

ಟೋಪಿ, ಬೆಲ್ಟು ಮೇಜಿನ ಮೇಲೆ ಇಟ್ಟು, ರಾಮಪ್ಪ ದಿನವಿಡೀ ಕೂತಿದ್ದ ಬೆಂಚಿನ ಮೇಲೆ ಬೆನಕಪ್ಪ ಕೂತ. ರಾಮಪ್ಪ ವಾಪಸು ಬರುತ್ತಾನೆ ಎಂಬುದೊಂದು ಸಮಾಧಾನ. ಅದನ್ನೂ ಅನುಭವಿಸಲು ಬಿಡದಂತೆ ಜಗದಾಂಬ ಎದುರು ಬಂದು ನಿಂತಳು. ನಾಳೆ ಬೆಳಿಗ್ಗೆ ಊರಿಗೆ ಒಯ್ದು ಮಣ್ಣು ಮಾಡಬೇಕು, ಅಯ್ಯನವರು ಬಂದು ಎಡಗೈಯಲ್ಲಿ ಲಿಂಗ ಇಡಿ ಎನ್ನುತ್ತಾರೆ ಎಂದಳು.

"ಅವ್ರ ಕೈಯಾಗ ನಾ ಏನ್ ಇಡ್ಲಿ, ಅದನ್ನಾದ್ರೂ ಹೇಳ್ರಿ."

ಬೆಳಿಗ್ಗೆ ಎರಡು ತಾಸು ಹಳಿಯಗುಂಟ ಹುಡುಕಿದ್ದ ಬೆನಕಪ್ಪನಿಗೆ ಈಗ ಎಲ್ಲಿ ಹುಡುಕಬೇಕೆಂದೂ ತಿಳಿಯಲಿಲ್ಲ.